ಯಂತ್ರಕ್ಕೆ ನಾನು ಕಲಿಸಿದ್ದು

ಅಮ್ಮಾನ್, ಮಂಗಳವಾರ

ಪ್ರೊಫೆಸರ್ ಲುಬ್ನಾ ಅವರಿಗೆ ಸಲಾಮು.

ನಾನು ರಸ್ತೆಗೆ ಸಲಾಕೆ ಊರಿ, ಕಿವಿಯಿಟ್ಟು, ನೀರಿನ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಹೇಳಿದ್ದನ್ನೆಲ್ಲ ನಿಮ್ಮ ವಿದ್ಯಾರ್ಥಿಗಳು ಎರಡು ವರ್ಷ ಯಂತ್ರಕ್ಕೆ ಕಲಿಸಿದರು. ಆ ಯಂತ್ರದ್ದೇ ಕಂಪನಿ ಶುರುಮಾಡಿದ ದಿನ ನೀವು, "ಅಬು ಗಾಲಿಬ್, ನಿಮ್ಮ ಕಿವಿ ಇನ್ನು ಸಾಯಲ್ಲ, ಮನೇಲಿ ಕೂತು ಚಹಾ ಕುಡೀರಿ" ಅಂದಿರಿ.

ಆದರೆ ಯಂತ್ರಕ್ಕೆ ಕಲಿಸುತ್ತಿದ್ದ ಎರಡನೆಯ ವರ್ಷ ನನಗೆ ಕಿವಿ ಕೇಳಿಸುತ್ತಲೇ ಇರಲಿಲ್ಲ. ಕೆಲಸ ಹೋದೀತೆಂದು ಎಲ್ಲ ಕಡೆ "ಸೋರಿಕೆಯಿಲ್ಲ" ಎಂದುಬಿಟ್ಟೆ. ಹಾಗೆಂದ ಜಾಗವನ್ನು ಯಾರೂ ಅಗೆದು ನೋಡುವುದಿಲ್ಲ.

ಈಗ ನಮ್ಮ ಬೀದಿಗೆ ವಾರಕ್ಕೊಮ್ಮೆ ಬರುತ್ತಿದ್ದ ನೀರೂ ನಿಂತಿದೆ. ನಿಮ್ಮ ಎಂಜಿನಿಯರ್ ಯಂತ್ರವಿಟ್ಟು ನೋಡಿ, ಸೋರಿಕೆಯಿಲ್ಲ ಎಂದು ಬರೆದುಕೊಂಡು ಹೋದ. "ಯಂತ್ರ ಯಾಕ್ರೀ ಸುಳ್ಳು ಹೇಳುತ್ತೆ?" ಎಂದು ನನ್ನ ಹೆಂಡತಿ ಕಿವಿಗೆ ಬಾಯಿಟ್ಟು ಕೂಗಿದಳು.

ನಮ್ಮ ಹೊಸ್ತಿಲ ಮುಂದೆ ನೆಲ ತೇವವಾಗಿದೆ. ದಯವಿಟ್ಟು ಅಗೆಸಿ. ಉತ್ತರ ಬರೆದೇ ಕಳಿಸಿ, ಫೋನು ಬೇಡ.

ನಿಮ್ಮ
ಅಬು ಗಾಲಿಬ್