ಮೆಟ್ಟಿಲ ಬಳಿಯ ಮೀನುಗಳು

ಕಡಲ ದಂಡೆ, ನೀನು ಮೆಚ್ಚಿದ ಮನೆಯ ಹಿಂಬದಿ ಕೋಣೆ
ಮಂಗಳವಾರ, ಹನ್ನೊಂದನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಮೀನುಮರೀ,

ಕಿವಿ ಈಗ ಹೇಗಿದೆ? ಸೋರುವುದು ನಿಂತಿದೆ ಎಂದು ಬರೆದಿದ್ದೆ. ಆದರೆ ನೀನು ಹುಷಾರಾಗಿದ್ದೇನೆ ಎಂದು ಬರೆದರೆ ಅರ್ಧ ಮಾತ್ರ ನಂಬುವುದು ನನ್ನ ರೂಢಿ. ನಾಲ್ಕು ವರ್ಷದವಳಿದ್ದಾಗಲೇ ಜ್ವರ ಮುಚ್ಚಿಟ್ಟುಕೊಂಡು ಹಿತ್ತಲ ತೊಟ್ಟಿಗಿಳಿದು ಮುಳುಗಾಟ ಆಡಿದವಳು ನೀನು. ನಿನ್ನ ಅಮ್ಮ ಜುಟ್ಟು ಹಿಡಿದು ಮೇಲೆತ್ತಿದಳು, ಈ ಹೆಸರು ಅಂದೇ ಅಂಟಿಕೊಂಡಿತು. ಡಾಕ್ಟರು ಹೇಳಿದಷ್ಟು ದಿನ ಕಿವಿಗೆ ನೀರು ತಾಗಿಸಬೇಡ. ಅಮ್ಮ ಚೆನ್ನಾಗಿದ್ದಾಳೆ. ನನ್ನ ಮಂಡಿ ಎಂದಿನಂತೆ ಏಳುವಾಗ ಒಂದು, ಕೂರುವಾಗ ಒಂದು ಮಾತಾಡುತ್ತದೆ, ಬಿಟ್ಟರೆ ನಾನೂ ಚೆನ್ನಾಗಿಯೇ ಇದ್ದೆ, ಇವತ್ತು ಬೆಳಗಿನವರೆಗೆ. ನೀನು ಕೆಲಸ ಮಾಡುವ ದೋಣಿಗೆ ಫೋನು ಹತ್ತುವುದಿಲ್ಲವಲ್ಲ, ಅಲ್ಲಿಗೆ ಸಾಮಾನು ತರುವ ಲಾಂಚು ಗುರುವಾರ ಹೊರಡುತ್ತದಂತೆ, ಅದರ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ಊಟ ಮುಗಿಸಿಯೇ ಓದು. ಊಟಕ್ಕೆ ಮುಂಚೆ ಓದುವಂಥ ಸಂಗತಿಗಳು ಇದರಲ್ಲಿ ಇಲ್ಲ.

ನೀನು ಹೇಳಿಕಳಿಸಿದ್ದು ನನಗೆ ಬಾಯಿಪಾಠವಾಗಿದೆ. ದಿನಕ್ಕೆ ನಲವತ್ತು ಪ್ರವಾಸಿಗರನ್ನು ನೀರಿಗಿಳಿಸಿ, ಅವರು ಹವಳದ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವುದನ್ನೂ ದೋಣಿಯಂಚಿನಲ್ಲಿ ವಾಂತಿ ಮಾಡುವುದನ್ನೂ ನೋಡಿ ನಿನಗೆ ಸಾಕಾಗಿದೆ. ನಿನಗೆ ಬೇಕಿರುವುದು ಅತಿಥಿಗಳಿಗೆಂದು ನಾಲ್ಕೇ ಕೋಣೆಯ ಮನೆ, ಗೇಟಿಗೆ ಬೋರ್ಡಿಲ್ಲ, ಮುಂದೆ ಗದ್ದಲವಿಲ್ಲದ ಮರಳು, ಮೆಟ್ಟಿಲಿಳಿದರೆ ಮುಳುಗುವಷ್ಟು ಆಳ. ಬಂದವರನ್ನು ನೀನೇ ಕೈ ಹಿಡಿದು ನೀರಿಗೆ ಕರೆದೊಯ್ಯುತ್ತೀ. ಅಂಥ ಮನೆ ಬೇಸಿಗೆಯಲ್ಲಿ ಕಣ್ಣಿಗೆ ಬಿತ್ತು, ಮೂರು ವರ್ಷದ ಬಾಡಿಗೆ ಕರಾರಿಗೆ ಶನಿವಾರದೊಳಗೆ ಮಾಲೀಕನಿಗೆ ಹೌದೋ ಅಲ್ಲವೋ ಹೇಳಬೇಕು. ‘ಅಜ್ಜಾ, ನೀನು ನಲವತ್ತು ವರ್ಷ ಮನೆಗಳ ಹೊಟ್ಟೆಯೊಳಗೆ ಕೈ ಹಾಕಿದವನು. ಅಕ್ಕಪಕ್ಕದ ಲಾಡ್ಜುಗಳನ್ನೂ ನೋಡಿ ಬಾ. ನೀನು ಹೂಂ ಅಂದ್ರೆ ಕಣ್ಮುಚ್ಚಿ ಸಹಿ ಹಾಕ್ತೀನಿ’ ಎಂದು ಬರೆದಿದ್ದೆಯಲ್ಲ, ಆ ಸಾಲನ್ನು ಬಸ್ಸಿನಲ್ಲಿ ಪಕ್ಕ ಕೂತಿದ್ದ ಗುರುತಿಲ್ಲದವನಿಗೂ ಓದಿ ಹೇಳಿದೆ. ಕೊಳಾಯಿ ರಿಪೇರಿಯವನನ್ನು ಜನ ಕರೆಯುವುದೇ ಮನೆ ನಾರಿದ ಮೇಲೆ. ನಾರುವ ಮುಂಚೆ ಕರೆದವಳು ನೀನೊಬ್ಬಳೇ.

ಮೊದಲ ಲಾಡ್ಜಿನ ಬೋರ್ಡಿನಲ್ಲಿ ಮೌನ ಎಂಬ ಮಾತು ಎರಡು ಕಡೆ ಇತ್ತು. ಒಳಗೆ ಹೋದರೆ ಮರಕ್ಕೊಂದರಂತೆ ಸ್ಪೀಕರು. ಅದರಿಂದ ಏನು ಬರುತ್ತಿತ್ತು ಹೇಳು? ಅಲೆಗಳ ಸದ್ದು! ಸಮುದ್ರ ಐವತ್ತು ಹೆಜ್ಜೆ ದೂರದಲ್ಲಿ ಪಾಪ ತಾನೇ ಬಡಿದುಕೊಳ್ಳುತ್ತಿದೆ, ಇವರು ಅದರ ತಲೆಯ ಮೇಲೆ ಇನ್ನೊಂದು ಸಮುದ್ರವನ್ನು ರೆಕಾರ್ಡು ಮಾಡಿ ಹಾಕಿದ್ದಾರೆ. ಯಾಕಮ್ಮಾ ಎಂದು ಕೌಂಟರಿನ ಹೆಂಗಸನ್ನು ಕೇಳಿದರೆ ‘ನಿಜವಾದ ಅಲೆ ಒಂದೇ ಸಮ ಬರಲ್ಲ ಸಾರ್, ಗೆಸ್ಟುಗಳಿಗೆ ನಿದ್ದೆ ಕೆಡುತ್ತೆ’ ಎಂದಳು. ಕೋಣೆಯ ದಿಂಬು ಎತ್ತಿ ಮೂಸಿದೆ. ಯಾರದೋ ತಲೆಯೆಣ್ಣೆ, ಅದರ ಮೇಲೆ ಇನ್ಯಾರದೋ ತಲೆಯೆಣ್ಣೆ, ಅದೆಲ್ಲದರ ಮೇಲೆ ಮಲ್ಲಿಗೆ ಸೆಂಟು. ಬಚ್ಚಲಲ್ಲಿ ಮೊದಲಿದ್ದವರ ಕೂದಲು ಜಾಲರಿಗೆ ಸುತ್ತಿಕೊಂಡು ಇಲಿಯಂತೆ ಮಲಗಿತ್ತು. ಥೂ!

ಎರಡನೆಯದು ಡೈವಿಂಗಿನವರದೇ ಲಾಡ್ಜು. ಅಂಗಳದಲ್ಲಿ ಸಿಮೆಂಟಿನ ತೊಟ್ಟಿ, ನೀರಿನಿಂದ ಬಂದವರು ರಬ್ಬರಿನ ಉಡುಪು ಬಿಚ್ಚಿ ಅದರಲ್ಲಿ ಅದ್ದಿ ತೆಗೆಯುತ್ತಾರೆ. ಆ ಉಡುಪಿನೊಳಗೆ ಜನ ಏನು ಮಾಡಿಕೊಳ್ಳುತ್ತಾರೆ ಎಂದು ನೀನೇ ಹೊಟ್ಟೆ ಹಿಡಿದುಕೊಂಡು ನಗುತ್ತಾ ಹೇಳಿದ್ದೆ, ನಾನು ಬರೆಯುವುದಿಲ್ಲ. ನೀರು ಕಾಫಿ ಬಣ್ಣಕ್ಕೆ ತಿರುಗಿ ಮೇಲೆ ಕೆನೆ ಕಟ್ಟಿತ್ತು. ಉಸಿರಾಡಲು ಬಾಯಿಗೆ ಕಚ್ಚಿಕೊಳ್ಳುವ ತುಂಡುಗಳನ್ನೂ ಅದೇ ಕೆನೆಯಲ್ಲಿ ಅದ್ದಿ, ಕೊಡವಿ, ಮೊಳೆಗೆ ತೂಗುಹಾಕಿದರು. ನೀರು ಯಾವಾಗಪ್ಪಾ ಬದಲಿಸುತ್ತೀರಿ ಎಂದೆ. ಸಿಲಿಂಡರು ಉರುಳಿಸುತ್ತಿದ್ದ ಮೀಸೆಯವ ಬಹಳ ಸಮಾಧಾನದಿಂದ ‘ಕಮ್ಮಿಯಾದಾಗ ತುಂಬಿಸ್ತೀವಲ್ಲ ತಾತಾ’ ಎಂದ. ನನ್ನ ಬೆಳಗಿನ ತಿಂಡಿ ಗಂಟಲವರೆಗೆ ಬಂದು ವಿಚಾರಿಸಿಕೊಂಡು ಹೋಯಿತು. ಮೂರನೆಯದಕ್ಕೆ ನಾನು ಕಾಲೇ ಇಡಲಿಲ್ಲ, ಗೇಟಿನಲ್ಲೇ ಮೂಗು ಬೇಡವೆಂದಿತು.

ಇನ್ನು ನಿನ್ನ ಮನೆ. ನಿಜ ಹೇಳುತ್ತೇನೆ, ಭಾನುವಾರ ಬಂದು ಚೀಲ ಇಳಿಸಿದಾಗ ನನಗೂ ಇಲ್ಲಿಂದ ಏಳುವುದು ಬೇಡವೆನಿಸಿತು. ಒಗೆದು ಬಿಸಿಲಿಗೆ ಹಾಕಿದ ಹಾಸಿಗೆ ಬಟ್ಟೆ, ಗುಡಿಸಿದ ನೆಲ, ಕಿಟಕಿ ತೆಗೆದರೆ ನೀರು. ನೀನು ಯಾವ ಕೋಣೆಯಲ್ಲಿ ಯಾರನ್ನು ಮಲಗಿಸುತ್ತೀ, ನಿನ್ನ ಅಮ್ಮ ಬಂದರೆ ಯಾವ ಜಗಲಿಯಲ್ಲಿ ಕೂತು ನಿನ್ನ ಮದುವೆಯ ಮಾತು ತೆಗೆಯುತ್ತಾಳೆ, ಎಲ್ಲ ಕಣ್ಣಿಗೆ ಕಟ್ಟಿತು. ಮಾಲೀಕ ಬಿಳಿ ಅಂಗಿಯ ನಯವಾದ ಮನುಷ್ಯ, ನನ್ನನ್ನು ಯಜಮಾನ್ರೇ ಎನ್ನುತ್ತಾನೆ. ಆದರೆ ಯಾವ ಮನೆಯನ್ನೂ ನಾನು ಮುಂಬಾಗಿಲಿನಿಂದ ನೋಡಿ ಮೆಚ್ಚಿದವನಲ್ಲ. ಹಿತ್ತಲಿಗೆ ಹೋಗಿ ಶೌಚಗುಂಡಿ ಎಲ್ಲಿದೆ ಎಂದು ಕೇಳಿದೆ. ‘ಹುಲ್ಲಿನ ಕೆಳಗಿದೆ ಯಜಮಾನ್ರೇ, ಚೆಂದ ಕಾಣಲ್ಲ ಅಂತ ಮುಚ್ಚಿಸಿಬಿಟ್ಟೆ.’ ಅವನು ಪೇಟೆಗೆ ಹೋದಾಗ ಕಬ್ಬಿಣದ ಸಲಾಕೆ ಹಿಡಿದು ಹುಲ್ಲಿನ ಉದ್ದಗಲಕ್ಕೂ ಕುಟ್ಟಿ ನೋಡಿದೆ. ಎಲ್ಲೂ ಟೊಳ್ಳು ಸದ್ದಿಲ್ಲ. ನಾಲ್ಕು ಕೋಣೆಯ ಹೊಲಸು ಗಾಳಿಯಲ್ಲಿ ಆರಿಹೋಗುತ್ತದೆಯೇ?

ಇಂಥಾದ್ದಕ್ಕೆ ನಮ್ಮ ಕಸುಬಿನಲ್ಲಿ ಒಂದು ಸುಲಭದ ಉಪಾಯವಿದೆ. ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ ನೀರಿಗೆ ಕದಡಿ ಕಕ್ಕಸಿಗೆ ಹೊಯ್ದು, ಅದು ಎಲ್ಲಿ ಹೊರಬರುತ್ತದೆ ಎಂದು ಕಾಯುವುದು. ಇವತ್ತು ಬೆಳಿಗ್ಗೆ ಹೊಯ್ದು ಬಂದು ಬಂಡೆಯ ಮೇಲೆ ಕೂತೆ. ನೀರಿಗಿಳಿಯುವ ಕಲ್ಲುಮೆಟ್ಟಿಲ ಬಳಿ ಗಂಡ ಹೆಂಡತಿ ಇಬ್ಬರು ಮುಖಕ್ಕೆ ಕನ್ನಡಕ ಕಟ್ಟಿಕೊಂಡು ಬೋರಲು ತೇಲುತ್ತಿದ್ದರು. ಸ್ವಲ್ಪ ಹೊತ್ತಿಗೆ ಕೊನೆಯ ಮೆಟ್ಟಿಲ ಅಡಿಯಿಂದ ನೀಲಿ ಹೊಗೆಯಂತೆ ಎದ್ದಿತು. ಅದರ ಜೊತೆಗೆ ಬರಬೇಕಾದದ್ದೂ ಬಂತು. ತಕ್ಷಣ ಎಲ್ಲಿದ್ದವೋ ಮೀನುಗಳು, ಹಳದಿಯವು, ಪಟ್ಟೆಯವು, ನೂರಾರು, ಊಟದ ಗಂಟೆ ಬಾರಿಸಿದಂತೆ ನುಗ್ಗಿದವು. ಹೆಂಡತಿ ತಲೆಯೆತ್ತಿ ‘ಅಯ್ಯೋ, ನೋಡ್ರೀ ನೋಡ್ರೀ, ಎಷ್ಟೊಂದು ಮೀನು!’ ಎಂದು ಕಿರುಚಿದಳು. ಗಂಡ ‘ನೀರು ನೋಡೇ, ಎಷ್ಟು ನೀಲಿ!’ ಎಂದ. ಮೇಲೆ ಬನ್ನಿ, ಮೇಲೆ ಬನ್ನಿ ಎಂದು ನಾನು ಕೂಗಿಕೊಂಡೆ. ಅವರು ನನಗೆ ಕೈ ಬೀಸಿದರು.

ಅಷ್ಟು ಮೀನನ್ನು ಒಂದೇ ಕಡೆ ಎಲ್ಲೂ ಕಂಡಿಲ್ಲ ಅಜ್ಜಾ, ಮೆಟ್ಟಿಲ ಬಳಿಯೇ ಕಾಯುತ್ತಿರುತ್ತವೆ ಎಂದು ಬೇಸಿಗೆಯಲ್ಲಿ ನೀನು ಎರಡು ಪುಟ ಬರೆದಿದ್ದೆ. ಯಾಕೆ ಕಾಯುತ್ತವೆ ಎಂದು ಈಗ ಗೊತ್ತಾಯಿತಲ್ಲ. ನೀನು ಮೂರು ದಿನ ಅಲ್ಲಿ ಮುಳುಗಿದೆ, ನಾಲ್ಕನೇ ದಿನ ನಿನ್ನ ಕಿವಿ ನೋವು ಶುರುವಾಯಿತು. ಬಂಡೆಯ ಮೇಲೆ ಕೂತು ಬೆರಳು ಮಡಚಿ ಆ ದಿನಗಳನ್ನು ಎರಡು ಸಲ ಲೆಕ್ಕ ಹಾಕಿದೆ.

ಇಷ್ಟಕ್ಕೇ ಪತ್ರ ಮುಗಿಸಿದ್ದರೆ ನಿನ್ನ ಅಜ್ಜ ದೊಡ್ಡ ಮನುಷ್ಯನಾಗಿ ಉಳಿಯುತ್ತಿದ್ದ. ಇಳಿತಕ್ಕೆ ನೀರು ಹಿಂದೆ ಸರಿದ ಮೇಲೆ ಮೆಟ್ಟಿಲ ಪಕ್ಕ ಮರಳು ತೋಡಿದೆ. ಹಳೆಯ ಕಾಲದ ಸುಟ್ಟಮಣ್ಣಿನ ಪೈಪು ಸಿಕ್ಕಿತು, ಅದಕ್ಕೆ ತೂತು ಕೊರೆದು ಈಚಿನ ಮೂರು ಪ್ಲಾಸ್ಟಿಕ್ ಪೈಪು ಸಿಕ್ಕಿಸಿದ್ದರು. ಮೇಲೆ ಹೇಳಿದ ಮೂರು ಲಾಡ್ಜುಗಳ ಹೊಲಸೂ ಇದರಲ್ಲೇ ಹರಿಯುತ್ತದೆ. ಇದನ್ನು ಹಾಕಿದ ಕೈಗೆ ಹುಳ ಬೀಳಲಿ ಎಂದು ಬಾಯಿಬಿಟ್ಟು ಬೈದೆ. ಆಮೇಲೆ ಪೈಪಿನ ಕೀಲು ಕಂಡಿತು. ಕೀಲಿನ ಸಿಮೆಂಟಿನಲ್ಲಿ ಒಂದು ಹೆಬ್ಬೆರಳ ಗುರುತು. ಯಾರ ಕೀಲು ಸೋರಿತೆಂದು ಮೇಸ್ತ್ರಿಗೆ ತಿಳಿಯಲಿ ಎಂದು ನಾವೆಲ್ಲ ಹಸಿ ಸಿಮೆಂಟಿಗೆ ಬೆರಳೊತ್ತುತ್ತಿದ್ದೆವು. ನನ್ನ ಹೆಬ್ಬೆರಳ ತುದಿ ಹುಡುಗನಿದ್ದಾಗಲೇ ಪೈಪು ಬಿಗಿಯುವ ಪಾನಾಕ್ಕೆ ಸಿಕ್ಕಿ ಓರೆಯಾಗಿ ಹೋಗಿದ್ದು ನಿನಗೆ ಗೊತ್ತು. ಗುರುತೂ ಓರೆ. ಬೆರಳಿಟ್ಟು ನೋಡಿದೆ, ಸರಿಯಾಗಿ ಕೂತಿತು.

ಆಗ ನಿನ್ನ ಅಮ್ಮ ಶಾಲೆಗೆ ಹೋಗುತ್ತಿದ್ದಳು. ಇಲ್ಲಿಗೆ ರಸ್ತೆಯೇ ಇರಲಿಲ್ಲ, ಮೇಸ್ತ್ರಿ ನಮ್ಮನ್ನು ದೋಣಿಯಲ್ಲಿ ತಂದಿಳಿಸುತ್ತಿದ್ದ. ಪೊದೆಗಳ ನಡುವೆ ಒಂದೇ ಒಂದು ಹೆಂಚಿನ ಮನೆ, ಅದೇ ಇದು. ಈಗ ಬಸ್ಸಿನಲ್ಲಿ ಮನೆಯ ಬೆನ್ನ ಕಡೆಯಿಂದ ಬಂದವನಿಗೆ ಗುರುತು ಹತ್ತಲಿಲ್ಲ. ಅಂದಿನ ಒಡೆಯ ‘ಈ ಮಳೆಗಾಲ ಒಂದು ಕಳೀಲಿ, ಗುಂಡಿ ಆಮೇಲೆ ತೋಡಿಸ್ತೀನಿ, ಸದ್ಯಕ್ಕೆ ನೀರಿಗೆ ಬಿಡು’ ಎಂದ. ಮೇಸ್ತ್ರಿ ನನ್ನ ಮುಖ ನೋಡಿದ. ಇಷ್ಟು ದೊಡ್ಡ ಸಮುದ್ರಕ್ಕೆ ಒಂದು ಮನೆಯದು ಯಾವ ಮಹಾ ಎಂದುಕೊಂಡು ನಾನು ಪೈಪು ಜೋಡಿಸಿದೆ. ಯಾರೂ ನನ್ನ ಕತ್ತು ಹಿಡಿದು ಮಾಡಿಸಲಿಲ್ಲ. ಆ ಮಳೆಗಾಲದ ಮೇಲೆ ಎಷ್ಟು ಮಳೆಗಾಲ ಹೋದವು, ಗುಂಡಿ ಆಯಿತೇ ಎಂದು ಒಮ್ಮೆಯೂ ಬಂದು ನೋಡಲಿಲ್ಲ. ಮೂರು ಸಲ ಸಾಬೂನು ಹಚ್ಚಿ ಕೈ ತೊಳೆದೆ. ಆದರೂ ತಟ್ಟೆಯ ಮುಂದೆ ಕೂತರೆ ಈ ಕೈಯನ್ನು ಬಾಯಿಯ ಹತ್ತಿರ ತರಲು ಆಗುತ್ತಿಲ್ಲ.

ಮಾಲೀಕನಿಗೆ ತೋರಿಸಿದೆ. ಅವನಿಗೆ ಮೊದಲೇ ಗೊತ್ತು. ‘ನಾನು ಕೊಂಡಾಗಿಂದ ಹೀಗೇ ಇದೆ, ಯಾರಾದ್ರೂ ಸತ್ತಿದ್ದಾರಾ? ಗುಂಡಿ ಮಾಡಿಸಿದ್ರೆ ಮೀನು ಹೋಗುತ್ತೆ ಯಜಮಾನ್ರೇ, ಮೀನು ಹೋದ್ರೆ ಇಲ್ಲಿಗೆ ಯಾರು ಬರ್ತಾರೆ? ನಿಮ್ಮ ಹುಡುಗೀನೂ ಮೀನು ನೋಡೇ ತಾನೇ ಮನೆ ಒಪ್ಪಿದ್ದು?’ ಎಂದು ನಕ್ಕು, ನಿಂಬೆ ಪಾನಕ ತರಿಸಿಕೊಟ್ಟ. ಮುಟ್ಟಲಿಲ್ಲ. ಅದಕ್ಕಿಂತ ಅಸಹ್ಯದ ಮಾತನ್ನೂ ಹೇಳಿಬಿಡುತ್ತೇನೆ. ನಿನಗೆ ಹೂಂ ಎಂದು ಬರೆದು, ಆಮೇಲೆ ಗುಟ್ಟಾಗಿ ಬಂದು ಸರಿ ಮಾಡಿದರೆ ನನ್ನ ಹೆಸರು ಹೊರಗೆ ಬರುವುದಿಲ್ಲ ಎಂದು ಅರ್ಧ ಗಂಟೆ ಯೋಚಿಸಿದೆ. ಪೂರ್ತಿ ಅರ್ಧ ಗಂಟೆ.

ನನ್ನಿಂದ ಹೂಂ ಇಲ್ಲ. ಹಾಗಂತ ಬೇಡವೆನ್ನುವ ಹಕ್ಕೂ ನನಗಿಲ್ಲ. ಮನೆಯ ಹಿಂದೆ ಎತ್ತರದ ಜಾಗವಿದೆ, ಎರಡು ಗುಂಡಿ ಧಾರಾಳ ಆಗುತ್ತದೆ. ಅದನ್ನು ಕರಾರಿನಲ್ಲಿ ಬರೆಸಿಕೊಂಡು ಸಹಿ ಹಾಕುತ್ತೀಯೋ, ಮೀನು ಕಡಿಮೆಯಾದರೂ ಅದೇ ಮನೆ ಬೇಕೋ, ಬೇಡವೋ, ನೀನೇ ನಿರ್ಧರಿಸು. ಶನಿವಾರದವರೆಗೆ ನಾನು ಪೈಪಿನ ತಂಟೆಗೆ ಹೋಗುವುದಿಲ್ಲ. ನಿನ್ನ ಕನಸಿನ ನಡುವೆ ನನ್ನ ಪಾನಾ ಹಾಕುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು, ಕಿವಿಯಲ್ಲಿ ಹತ್ತಿ ಇರಲಿ. ನೀನು ಇಳಿಯುವ ನೀರೆಲ್ಲ ತಿಳಿಯಾಗಿರಲಿ ಎಂಬುದೇ ನನ್ನ ಹರಕೆ. ದೋಣಿಯ ಅಡುಗೆಯಕ್ಕನಿಗೂ ನಿನ್ನ ಮುಂಗೋಪಿ ಕ್ಯಾಪ್ಟನ್‌ಗೂ ನಾನು ಕೇಳಿದೆನೆಂದು ಹೇಳು.

ಇಂತು ನಿನ್ನ
ಅಜ್ಜ

ಮರೆತ ಮಾತಲ್ಲ, ಆಮೇಲೆ ನಡೆದದ್ದು: ಬುಧವಾರ ಸಂಜೆ, ಬಸ್ ನಿಲ್ದಾಣದ ಬೆಂಚಿನ ಮೇಲೆ ಬರೆಯುತ್ತಿದ್ದೇನೆ, ಅಕ್ಷರ ಓರೆಕೋರೆಯಾದರೆ ಸಹಿಸಿಕೋ. ಇವತ್ತು ಬೆಳಿಗ್ಗೆ ನನ್ನ ವಯಸ್ಸಿನವನೊಬ್ಬ ಮೆಟ್ಟಿಲ ಬಳಿ ಬಾಯಿತುಂಬ ನೀರು ತುಂಬಿಕೊಂಡು, ಕಾರಂಜಿಯಂತೆ ಹೆಂಡತಿಯ ಮೇಲೆ ಉಗಿದು ನಗುತ್ತಿದ್ದ. ಮತ್ತೆ ತುಂಬಿಕೊಂಡ. ಮೂರನೇ ಸಲಕ್ಕೆ ನನ್ನಿಂದ ನೋಡಲಾಗಲಿಲ್ಲ. ಅವರನ್ನು ಬೈದು ಎಬ್ಬಿಸಿ, ಹೋಗಿ ಸಿಮೆಂಟು ತಂದು, ಇಟ್ಟಿಗೆ ಇಟ್ಟು ಪೈಪಿನ ಬಾಯಿ ಮುಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ಈ ಮನೆ, ಆ ಮೂರು ಲಾಡ್ಜು, ನಾಲ್ಕೂ ಕಡೆ ಕಕ್ಕಸು ಉಕ್ಕಿತು. ಮುಚ್ಚಿದ ಬಾಯಿ ಒಡೆದು ಬಿಡಿಸಲು ಯಾರೂ ಕೈ ಹಾಕಲಿಲ್ಲ, ಹೇಸಿಗೆಯಂತೆ. ಮಾಲೀಕ ನನ್ನ ಚೀಲವನ್ನು ರಸ್ತೆಗೆಸೆದು, ನಿನ್ನ ಮೊಮ್ಮಗಳಿಗೆ ಈ ಜನ್ಮದಲ್ಲಿ ಮನೆ ಕೊಡಲ್ಲ ಎಂದ. ಕೊಡುವುದಿಲ್ಲ, ಅದು ಖಂಡಿತ. ನಿನ್ನನ್ನು ಒಂದು ಮಾತು ಕೇಳದೆ ನಿನ್ನ ಮನೆಯನ್ನು ಕಳೆದೆ ಮಗೂ. ಬೈಯುವುದಿದ್ದರೆ ಪತ್ರದಲ್ಲಿ ಬೇಡ, ಬಂದು ಎದುರಿಗೇ ಬೈ.