ಬಾಗಿಲಿಗೆ ಕಟ್ಟಿದ ಬಿಳಿ ಬಟ್ಟೆ

ಗುಡಗಾಂವ್
9 ಫೆಬ್ರವರಿ 2006, ಗುರುವಾರ

ಪ್ರೀತಿಯ ಸುಶೀಲಕ್ಕನಿಗೆ ಜಲಜಾಳ ನಮಸ್ಕಾರಗಳು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಇರುವುದು ಅತ್ತೆಯ ಮಂಚದ ಪಕ್ಕದಲ್ಲಿ. ಕಾನ್ವೆಂಟಿನಲ್ಲಿ ಓದಿದವಳ ಕನ್ನಡ ಇದು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅಕ್ಟೋಬರಿನಲ್ಲಿ ಕಾಶ್ಮೀರದ ಭೂಕಂಪಕ್ಕೆ ನಮ್ಮ ಒಂಬತ್ತನೆಯ ಮಹಡಿಯೂ ಅಲುಗಾಡಿದಾಗ, ನಿಮ್ಮ ಅಮ್ಮನನ್ನು ತುಮಕೂರಿಗೆ ಕರೆದುಕೊಂಡು ಹೋಗಲೇ ಎಂದು ಕೇಳಿದ್ದಿರಿ. ನಮ್ಮ ಸೊಸೈಟಿಯಲ್ಲಿ ವಿಪತ್ತು ಸಮಿತಿ ಮಾಡಿದ್ದೇವೆ, ನಾನೇ ಕಾರ್ಯದರ್ಶಿ, ಚಿಂತೆ ಬೇಡ ಎಂದು ಬರೆದಿದ್ದೆ. ಆ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ.

ಕಳೆದ ಭಾನುವಾರ ಬೆಳಿಗ್ಗೆ ಅಣಕು ಕಾರ್ಯಾಚರಣೆ ಇತ್ತು. ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಮೆಟ್ಟಿಲಿಳಿದು ಪಾರ್ಕಿಗೆ ಬರಬೇಕು, ಲಿಫ್ಟ್ ಬಳಸಬಾರದು. ಮನೆ ಖಾಲಿಯಾದರೆ ಬಾಗಿಲ ಹಿಡಿಗೆ ಬಿಳಿ ಬಟ್ಟೆ ಕಟ್ಟಬೇಕು. ಬಟ್ಟೆ ಇಲ್ಲದ ಬಾಗಿಲನ್ನಷ್ಟೇ ಸ್ವಯಂಸೇವಕರು ತಟ್ಟುತ್ತಾರೆ. ಇಳಿಯಲಾಗದವರ ಹೆಸರನ್ನು ಮೊದಲೇ ಬರೆಸಿದ್ದರೆ ಅವರನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಲು ನಾಲ್ವರು ಬರುತ್ತಾರೆ. ಈ ನಿಯಮಗಳನ್ನೆಲ್ಲ ಬರೆದವಳು ನಾನು. ಮನೆಮನೆಯ ಪಟ್ಟಿ ಮಾಡಿದವಳೂ ನಾನೇ. ನಮ್ಮ ಮನೆಯ ಸಾಲಿನಲ್ಲಿ, ಇಳಿಯಲಾಗದವರು ಎಂಬಲ್ಲಿ, 'ಯಾರೂ ಇಲ್ಲ' ಎಂದು ಬರೆದೆ.

ಪರಗಂಡಸರು ಎತ್ತಿಕೊಂಡು ಹೋದರೆ ಅತ್ತೆಗೆ ಮುಜುಗರ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಮುಜುಗರ ಯಾರಿಗೆ ಎಂದು ಅತ್ತೆಯನ್ನು ಕೇಳಿರಲಿಲ್ಲ.

ನಿಮ್ಮ ತಮ್ಮ ಗುರುರಾಜ ಆಫೀಸಿನ ಕೆಲಸಕ್ಕೆ ಪುಣೆಗೆ ಹೋಗಿದ್ದರು. ಅತ್ತೆ ತಿಂಡಿ ತಿಂದು, ಮಂಡಿನೋವಿನ ಮಾತ್ರೆ ನುಂಗಿ ಮಲಗಿದ್ದರು. ಇದೇನು ನಿಜವಾದ ಭೂಕಂಪವಲ್ಲವಲ್ಲ ಎಂದುಕೊಂಡು ನಾನು ಅವರನ್ನು ಎಬ್ಬಿಸಲಿಲ್ಲ. ಹೊರಗೆ ಬಂದು ಅಭ್ಯಾಸಬಲದಿಂದ ಬೀಗ ಹಾಕಿದೆ, ಬಿಳಿ ಬಟ್ಟೆಯನ್ನೂ ಕಟ್ಟಿದೆ.

ಹನ್ನೊಂದು ನಿಮಿಷದಲ್ಲಿ ನಮ್ಮ ಟವರ್ ಖಾಲಿಯಾಯಿತು. ತಲೆಯೆಣಿಕೆಗೂ ಪಟ್ಟಿಗೂ ತಾಳೆಯಾಗುವಂತೆ ಅತ್ತೆಯ ಹೆಸರಿನ ಮುಂದೆ 'ಊರಿಗೆ ಹೋಗಿದ್ದಾರೆ' ಎಂದು ಬರೆದೆ. ಸಮಿತಿಯ ಅಧ್ಯಕ್ಷೆ ಮಿಸೆಸ್ ಖುರಾನಾ ಸೀಟಿ ಊದಿ, "ಜಲಜಾ ಜೀ, ಫಸ್ಟ್ ಆ ಗಯೇ ಹಮ್!" ಎಂದು, ಎಲ್ಲ ಟವರ್‌ಗಳಿಗಿಂತ ನಾವೇ ಮೊದಲಾದ ಖುಷಿಗೆ ನನ್ನನ್ನು ತಬ್ಬಿಕೊಂಡರು. ನಾನು ಕೂಡಲೇ ಮೇಲೆ ಹತ್ತಿ ಬಂದೆ.

ಬೀಗ ತೆಗೆದರೆ, ಬಾಗಿಲಿನ ಹಿಂದೆಯೇ ಊಟದ ಮೇಜಿನ ಕುರ್ಚಿ ಎಳೆದುಕೊಂಡು ಅತ್ತೆ ಕೂತಿದ್ದರು. ಸ್ವೆಟರ್ ಹಾಕಿ, ಕಾಲುಚೀಲದ ಮೇಲೆ ಚಪ್ಪಲಿ ಮೆಟ್ಟಿದ್ದರು. ಮಡಿಲಲ್ಲಿ ಕೈಚೀಲ. ಅದರೊಳಗೆ ಮಾತ್ರೆ ಡಬ್ಬಿ, ಕನ್ನಡಕ, ಮಾವನವರ ಫೋಟೋ, ನೀರಿನ ಬಾಟಲಿ. ನಾನು ಮನೆಮನೆಗೆ ಹಂಚಿದ ಕರಪತ್ರದಲ್ಲಿ ಇರಿಸಿಕೊಳ್ಳಿ ಎಂದು ಹೇಳಿದ್ದೆಲ್ಲ ಅದರಲ್ಲಿತ್ತು.

"ಗಂಟೆ ಕೇಳಿಸ್ತು," ಎಂದರು. "ಬಾಗಿಲು ತೆಗೆಯೋಕೆ ಬರಲಿಲ್ಲ. ಯಾರಾದ್ರೂ ತಟ್ತಾರೆ ಅಂತ ಕೂತೆ. ಒಬ್ಬರು ಬಾಗಿಲವರೆಗೂ ಬಂದ್ರು ಕಣೆ. ನಿಂತ್ಕೊಂಡ್ರು. ನಾನು ಕೂಗೋ ಹೊತ್ತಿಗೆ ಮುಂದೆ ಹೋಗ್ಬಿಟ್ರು."

ಸಿಟ್ಟು ಮಾಡಿಕೊಳ್ಳಲಿಲ್ಲ. ಚಪ್ಪಲಿ ಕಳಚಿ, ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ತಳ್ಳಲು ಹೊರಟರು. ನಾನು ಕೈ ಹಚ್ಚಿದರೆ, "ಬಿಡು, ತಂದವಳು ನಾನೇ ಅಲ್ವಾ," ಎಂದರು.

ಮಂಗಳವಾರ ಸಮಿತಿಯ ಸಭೆಯಲ್ಲಿ ನಮ್ಮ ಎಣಿಕೆ ಸುಳ್ಳು ಎಂದು ಹೇಳಿದೆ. ಮಿಸೆಸ್ ಖುರಾನಾ, "ಡ್ರಿಲ್ ಹೀ ತೋ ಥಾ!" ಎಂದು, ಬರೀ ಅಣಕು ತಾನೇ ಎಂಬಂತೆ ನಕ್ಕರು. ಸಭೆ ಮುಗಿದ ಮೇಲೆ ಇಬ್ಬರು ಮೆಲ್ಲಗೆ ಬಂದು, ತಮ್ಮ ಮನೆಯ ಸಾಲನ್ನೂ ತಿದ್ದಬೇಕು ಎಂದರು. ಒಬ್ಬರ ತಂದೆಗೆ ನಡೆಯಲಾಗುವುದಿಲ್ಲವಂತೆ. ಇನ್ನೊಬ್ಬರು ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಪಟ್ಟಿಯಲ್ಲಿ ಮೂರು ಹೆಸರುಗಳಿವೆ. ಮೊದಲನೆಯದು ಅತ್ತೆಯದು.

ಅಮ್ಮ ಎಲ್ಲಿರಬೇಕು ಎಂದು ನೀವು ಯೋಚಿಸುವಾಗ ಇದೆಲ್ಲ ನಿಮಗೆ ಗೊತ್ತಿರಲಿ. ಕರೆದುಕೊಂಡು ಹೋಗುತ್ತೇನೆ ಎಂದರೆ ಬೇಡ ಎನ್ನುವ ಹಕ್ಕು ಸದ್ಯಕ್ಕೆ ನನಗಿಲ್ಲ.

ಇಂತಿ ನಿಮ್ಮ,
ಜಲಜಾ

ಮತ್ತೆ: ಲಕೋಟೆ ಅಂಟಿಸುವ ಮುಂಚೆ ಅತ್ತೆಗೆ ಇದನ್ನು ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಕೂಡಲೇ ಹತ್ತಿ ಬಂದೆ ಅಂತ ಬರೆದಿದ್ದೀಯಲ್ಲ, ಅದನ್ನ ತಿದ್ದು. ಗಂಟೆ ನಿಂತಾಗ ಹನ್ನೊಂದೂ ಕಾಲು. ನೀನು ಬೀಗ ತೆಗೆದಾಗ ಹನ್ನೆರಡು ದಾಟಿತ್ತು," ಎಂದರು. ನಿಜ. ಕೆಳಗೆ ಚಹಾ, ಸಮೋಸಾ ಇತ್ತು. ಗುಂಪಿನ ಫೋಟೋ ತೆಗೆದರು, ನಾನು ನಡುವೆ ನಿಂತಿದ್ದೇನೆ. ತುಮಕೂರಿಗೆ ಹೋಗುತ್ತೀರಾ ಎಂದು ಕೇಳಿದೆ. "ಅಲ್ಲಿ ಮೆಟ್ಟಿಲ ಕಾಟ ಇಲ್ಲ. ಆದ್ರೆ ಸುಶೀಲೆಗೂ ಬೀಗ ಹಾಕೋ ಅಭ್ಯಾಸ ಇದೆಯಾ, ಮೊದಲು ಅದನ್ನ ಕೇಳಿ ಬರಿ," ಎಂದರು. ಬಿಳಿ ಬಟ್ಟೆ ಈಗ ಅವರ ಕೈಚೀಲದಲ್ಲಿದೆ. ಮುಂದಿನ ಸಲ ಹೊಸ್ತಿಲು ದಾಟಿದ ಮೇಲೆ ತಾವೇ ಕಟ್ಟುತ್ತಾರಂತೆ.