ಮುಖ ನೋಡಬೇಡಿ, ಕಾಲು ನೋಡಿ

ರೋಸ್ತೋವ್
೧೧ ಫೆಬ್ರವರಿ ೧೯೯೬, ಭಾನುವಾರ

ನನ್ನ ಪುಟ್ಟಿ ಜೋಯಾ,

ನಿನ್ನ ಕೆಮ್ಮು ಹೇಗಿದೆ? ಮುರ್ಮಾನ್ಸ್ಕಿನ ಆ ಮೀನಿನ ಕಾರ್ಖಾನೆಯಲ್ಲಿ ದಿನವಿಡೀ ಒದ್ದೆ ಕೈಯಲ್ಲಿ ನಿಂತರೆ ಕೆಮ್ಮು ಬಿಡುವುದಾದರೂ ಹೇಗೆ! ಕಪ್ಪು ಮೂಲಂಗಿಯ ಹೊಟ್ಟೆ ಕೊರೆದು ಜೇನು ತುಂಬಿಸಿಡು, ಬೆಳಿಗ್ಗೆ ಆ ರಸ ಕುಡಿ. ನಿನ್ನ ಅಮ್ಮ ಮಾಡುತ್ತಿದ್ದದ್ದು ಅದನ್ನೇ. ಅಳಿಯಂದಿರು ಕುಡಿತ ಕಡಿಮೆ ಮಾಡಿದ್ದಾರೆಂದು ಬರೆದಿದ್ದೆ. ಸಂತೋಷ, ಆದರೆ ಪೂರ್ತಿ ನಂಬಿಲ್ಲ. ನಾನು ಗಟ್ಟಿಯಾಗಿಯೇ ಇದ್ದೇನೆ, ಎಡ ಮೊಣಕಾಲೊಂದನ್ನು ಬಿಟ್ಟರೆ.

ಸಿಟ್ಟಾಗಬೇಡ. ನೀನು ಬೇಡವೆಂದರೂ ರೋಸ್ತೋವಿಗೆ ಬಂದಿದ್ದೇನೆ. ಅಮ್ಮನನ್ನು ಮಣ್ಣು ಮಾಡಿ ಬಂದ ದಿನ ನೀನು, “ನಾವು ಹುಡುಕದೇ ಇದ್ರೆ ತೀಖನ್ ಬದುಕೇ ಇರ್ತಾನೆ ಅಪ್ಪಾ” ಎಂದೆಯಲ್ಲ, ಅದು ನನಗೆ ಅರ್ಥವಾಗಲಿಲ್ಲವೆಂದುಕೊಳ್ಳಬೇಡ. ಅಮ್ಮನೂ ಸಾಯುವ ತನಕ ಚರ್ಚಿನಲ್ಲಿ ಪ್ರಾರ್ಥನೆಗೆಂದು ಅವನ ಹೆಸರನ್ನು ಸತ್ತವರದ್ದಲ್ಲ, ಬದುಕಿರುವವರ ಚೀಟಿಯಲ್ಲೇ ಬರೆಸಿದಳು. ಗ್ರೋಜ್ನಿಯ ಯುದ್ಧದಲ್ಲಿ ನಿನ್ನ ತಮ್ಮ ಕಾಣೆಯಾಗಿ ವರ್ಷ ದಾಟಿತು. ನಿನಗೆ ಅಲ್ಲಿ ಕಾರ್ಖಾನೆಯ ಗದ್ದಲವಿದೆ. ನನಗೆ ಇಲ್ಲಿ, ಅಂದರೆ ಅಲ್ಲಿ ಮನೆಯಲ್ಲಿ, ಲಿಫ್ಟಿನ ಸದ್ದು. ಅದು ಮೇಲೆ ಬರತೊಡಗಿದರೆ ಚಮಚ ಕೆಳಗಿಟ್ಟು ಕಾಯುತ್ತೇನೆ. ಅದು ನಮ್ಮ ಮಹಡಿ ದಾಟಿ ಹೋಗುತ್ತದೆ. ಸೂಪು ಆರಿಹೋಗಿರುತ್ತದೆ.

ಗುರುತು ಸಿಗದ ಹುಡುಗರನ್ನು ಇಲ್ಲಿ ಸೇನೆಯವರು ರೈಲಿನ ಶೀತಲ ಗಾಡಿಗಳಲ್ಲಿ ಇಟ್ಟಿದ್ದಾರೆ. ಮೊದಲು ನಮ್ಮನ್ನು ಒಂದು ಕೋಣೆಯಲ್ಲಿ ಕೂರಿಸಿ ಆ ದೇಹಗಳನ್ನು ಟೀವಿಯಲ್ಲಿ ತೋರಿಸುತ್ತಾರೆ. ತಾಯಂದಿರೇ ಹೆಚ್ಚು. ನನ್ನ ಪಕ್ಕ ಕೂತವಳು ರಾಯಿಸಾ, ಪೆರ್ಮ್ ಕಡೆಯ ಹಾಲಿನ ಡೈರಿಯವಳು. ಮಗ ಮಕಾರನನ್ನು ಹುಡುಕುತ್ತ ಶರತ್ಕಾಲದಿಂದ ಇಲ್ಲೇ ಇದ್ದಾಳೆ. ನಾನು ಕಣ್ಣು ಮುಚ್ಚಿಕೊಂಡಾಗ ಮೊಣಕೈಯಿಂದ ತಿವಿದು, “ಮುಖ ನೋಡ್ಬೇಡಿ ಅಣ್ಣಾ, ಅಲ್ಲೇನೂ ಉಳಿದಿರಲ್ಲ. ಕಾಲು ನೋಡಿ. ಬೂಟು ಕಾಲನ್ನ ಕಾಪಾಡಿರತ್ತೆ” ಎಂದಳು. ಅಡುಗೆ ಹೇಳಿಕೊಡುವವಳ ಧಾಟಿಯಲ್ಲಿ ಹೇಳಿದಳು, ಜೋಯಾ.

ಹೊರಗೆ ಓಣಿಯಲ್ಲಿ ಒಬ್ಬ ವಿದೇಶಿ ಪತ್ರಕರ್ತ ಎಲ್ಲರನ್ನೂ ಮಾತಾಡಿಸುತ್ತಿದ್ದ. ಅರಣ್ಯ ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಎಂಬುದು ನನಗೆ ಇದೆಯಲ್ಲ, ನಿನ್ನ ಅಮ್ಮ ಅಣಕಿಸುತ್ತಿದ್ದದ್ದು! ಲಂಡನ್ ಈಸ್ ದ ಕ್ಯಾಪಿಟಲ್ ಎಂಬಲ್ಲಿಂದ ಮುಂದೆ ಹೋಗದ ಇಂಗ್ಲಿಷ್. ಕಾಣೆಯಾದವನಿಗೆ ಏನನ್ನುತ್ತಾರೋ ನೆನಪಾಗಲಿಲ್ಲ. ನಮ್ಮ ಮೇಡಂ ದಿನಾ ಹಾಜರಿ ಕೇಳುತ್ತಿದ್ದ ಮಾತಷ್ಟೇ ನಾಲಿಗೆಗೆ ಬಂತು: “ಮೈ ಸನ್ ಈಸ್ ಆಬ್ಸೆಂಟ್ ಟುಡೇ.” ಅವನು ಮುಖ ಬಿಗಿಹಿಡಿದು ಬರೆದುಕೊಂಡ. ಏನಂದಿರಿ ಎಂದು ರಾಯಿಸಾ ಕೇಳಿದಳು. ಮಗ ಇವತ್ತು ತರಗತಿಗೆ ಬಂದಿಲ್ಲ ಅಂದೆ, ಎಂದೆ. ಅವಳು ಗೋಡೆಗೆ ಒರಗಿ ನಕ್ಕಳು, ನಕ್ಕಳು. ಆಮೇಲೆ ನರ್ಸು ನೀರು ತಂದು ಕೊಡಬೇಕಾಯಿತು.

ನಿನ್ನೆ ಮಧ್ಯಾಹ್ನದ ಮೇಲೆ ಟೀವಿಯಲ್ಲಿ ಒಂದು ಕಾಲು ಕಂಡಿತು. ಹೆಬ್ಬೆರಳಿಗಿಂತ ಎರಡನೆಯ ಬೆರಳು ಉದ್ದ, ಕಿರುಬೆರಳು ಒಳಕ್ಕೆ ಮಡಚಿಕೊಂಡಿದೆ. ನಿನ್ನ ಅಮ್ಮನ ಕಾಲು. ನಿನ್ನ ಕಾಲು. ನದಿ ದಂಡೆಯಲ್ಲಿ ನೀನು, ತೀಖನ್ ಇಬ್ಬರೂ ಪಾದ ಪಾದ ಸೇರಿಸಿ ಅಳೆಯುತ್ತಿದ್ದಿರಲ್ಲ, ಆ ಕಾಲು. ನಿಲ್ಲಿಸಿ ಎಂದೆ. ಆದರೂ, ಇವನೇ ಎಂದು ಬಾಯಿಬಿಟ್ಟು ಹೇಳಲಾಗಲಿಲ್ಲ. ಅಂಥ ಬೆರಳು ಈ ದೇಶದಲ್ಲಿ ಎಷ್ಟು ಹುಡುಗರಿಗಿಲ್ಲ! ನಾನು ತಡವರಿಸುವುದನ್ನು ಕಂಡು ಡಾಕ್ಟರು, “ಯೋಚನೆ ಮಾಡಿ ತಾತ. ಅನುಮಾನ ಇದ್ರೆ ರಕ್ತ ಪರೀಕ್ಷೆ ಮಾಡೋಣ. ಇಲ್ಲಾಂದ್ರೆ ಗುರುತು ಹಿಡಿದೋರ ಸಹಿ ಸಾಕು, ಕಳಿಸಿಕೊಡ್ತೀವಿ” ಎಂದು ಮುಂದಿನವರನ್ನು ಕರೆದರು. ಒಳ್ಳೆಯ ಮನುಷ್ಯ; ಬಹಳ ದಿನದಿಂದ ನಿದ್ದೆ ಕಂಡಂತಿಲ್ಲ.

ಸಂಜೆ ಸ್ಟೇಷನ್ನಿನ ಕ್ಯಾಂಟೀನಿನಲ್ಲಿ ರಾಯಿಸಾ ತನ್ನ ಬ್ರೆಡ್ಡನ್ನು ಮುರಿದು ಅರ್ಧ ನನ್ನ ತಟ್ಟೆಗಿಟ್ಟಳು. ಆಮೇಲೆ ಮೆಲ್ಲಗೆ, “ಅವನನ್ನ ನನಗೆ ಕೊಟ್ಬಿಡಿ ಅಣ್ಣಾ” ಎಂದಳು. “ನನ್ನ ಮಕಾರ್ ಅಲ್ಲ ಅಂತ ನನಗೂ ಗೊತ್ತು. ನನ್ನವನು ಟ್ಯಾಂಕಿನೊಳಗಿದ್ದ, ಅವನದು ಒಂದು ಅಂಗಿ ಗುಂಡಿಯೂ ಸಿಗಲ್ಲ. ಆದ್ರೆ ಊರಲ್ಲಿ ಹೋಗಿ ಅಳೋಕೆ ಒಂದು ಜಾಗ ಬೇಕು ನನಗೆ. ನಾನು ಸಹಿ ಹಾಕ್ತೀನಿ. ಚೆನ್ನಾಗಿ ನೋಡ್ಕೋತೀನಿ, ಈಸ್ಟರ್ ಹಬ್ಬಕ್ಕೆ ಸಮಾಧಿ ಮೇಲೆ ಮೊಟ್ಟೆ ಇಡ್ತೀನಿ. ನಿಮ್ಮೋನು ಬದುಕಿದಾನೆ ಅಂದ್ಕೊಂಡು ನೀವು ಮನೆಗೆ ಹೋಗಿ.” ನಾನು ಬೈಯಬೇಕಿತ್ತೇ? ಬೈಯಲಿಲ್ಲ. ಒಂದು ಗಳಿಗೆ, ಜೋಯಾ, ನನ್ನ ಎದೆ ಹಗುರಾಯಿತು. ನೀನು ಕೇಳಿದ್ದೂ ಅದನ್ನೇ ಅಲ್ಲವೇ: ಅವನು ಬದುಕಿರಲಿ ಎಂದು. ಯೋಚಿಸಿ ಹೇಳುತ್ತೇನೆ ಎಂದೆ. ನನ್ನ ಪಾಲಿನ ಚಹಾವನ್ನು ಅವಳ ಕಡೆಗೆ ಸರಿಸಿದೆ.

ಅಳಿಯಂದಿರಿಗೆ ನಮಸ್ಕಾರ ತಿಳಿಸು. ಪಕ್ಕದ ಮನೆಯ ಅಜ್ಜಿಗೆ ಉಪ್ಪುಮೀನು ಕೊಟ್ಟೆಯೆಂದು ಬರೆದಿದ್ದೆ, ಒಳ್ಳೆಯದು ಮಾಡಿದೆ. ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ ಅಪ್ಪ,
ಯೆರ್ಮೊಲಾಯ್

ಮರೆತ ಮಾತು: ಇವತ್ತು ಬೆಳಿಗ್ಗೆ ಡಾಕ್ಟರ ಬಳಿ ಹೋಗಿ ರಕ್ತ ತೆಗೆಯಿರಿ ಎಂದು ತೋಳು ಚಾಚಿದೆ. ತಂದೆಯದು ಇದಕ್ಕೆ ಬರುವುದಿಲ್ಲವಂತೆ, ತಾಯಿ ಕಡೆಯದೇ ಬೇಕಂತೆ. ಅಂದರೆ ಈಗ ಈ ಭೂಮಿಯ ಮೇಲೆ ಅಮ್ಮನ ರಕ್ತ ಇರುವವಳು ನೀನೊಬ್ಬಳೇ. ಈ ತಿಂಗಳ ಕೊನೆಯವರೆಗೆ ಕಾಯುತ್ತೇನೆಂದು ರಾಯಿಸಾ ಒಪ್ಪಿದ್ದಾಳೆ. ಬಂದರೆ ಸ್ಟೇಷನ್ನಿನಲ್ಲೇ ಸಿಗುತ್ತೇನೆ. ಬರಲಾಗದಿದ್ದರೆ ಬಾರದಿರು, ನಾನೇನೂ ಅಂದುಕೊಳ್ಳುವುದಿಲ್ಲ. ಅವಳಿಗೆ ಹೂಂ ಎಂದುಬಿಡುತ್ತೇನೆ. ಅವನು ಯಾರ ಮಗನೇ ಆಗಲಿ, ಇನ್ನೊಂದು ಚಳಿಗಾಲ ಆ ಗಾಡಿಯಲ್ಲಿ ಮಲಗಬಾರದು.